ತಾನಾಗಿ ಸರಿಯದ ಹಿಡಿ

ಭಾವ ಮಾತಿಗೆ ಕೂತರೆಂದರೆ ವಿಮಾನ ಮೇಲೇರಿತೆಂದೇ ಲೆಕ್ಕ. ಬಂಧುಬಳಗ ಸೇರಿದಲ್ಲೆಲ್ಲ ಚಮಚವನ್ನು ವಿಮಾನ ಮಾಡಿ, ತಾನು ಬಿರುಗಾಳಿಯಲ್ಲಿ ಇಳಿದ ಕಥೆಯನ್ನು ತಟ್ಟೆಯಂಚಿನ ಮೇಲೆ ಇಳಿಸಿ ತೋರಿಸುವರು. ಕೇಳಿದವರು ಬೆಕ್ಕಸಬೆರಗಾಗುವರು. ಅವರು ಕ್ಯಾಪ್ಟನ್ ಆಗಿದ್ದ ವಿಮಾನ ಕಂಪನಿಯಲ್ಲೇ ಸಹಪೈಲಟ್ ಆಗಿದ್ದ ನಾದಿನಿ, ಹೆಂಡತಿಯ ತಂಗಿ, ಮಾತ್ರ ನೀರಿನ ನೆಪ ಹೇಳಿ ಎದ್ದುಹೋಗುವಳು. ವಿಮಾನ ನೆಲಬಿಟ್ಟು ಕಾಲು ಮಡಚುವಷ್ಟರಲ್ಲಿ ಆಟೋಪೈಲಟ್ ಗುಂಡಿ ಒತ್ತಿ, ರನ್‌ವೇ ಕಾಲಡಿಗೆ ಬರುವ ತನಕ ಅದರ ಸೆರಗು ಬಿಡದ ಗಂಡಸು ಈತ. ನಡುವೆ ಆ ಕೈ ಹಾರಿಸುತ್ತಿದ್ದುದು ಬಿಸ್ಕತ್ತಿನ ಚೂರುಗಳನ್ನು.

"ಭಾವ, ಆಕಾಶ ತಿಳಿಯಾಗಿದೆ, ನಾನು ಕೈಯಲ್ಲೇ ಇಳಿಸ್ಲಾ?" ಎಂದು ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ.

"ಯಾಕೆ ಪುಟ್ಟಿ, ಲಿಫ್ಟ್ ಇದ್ದಾಗ ಮೆಟ್ಲು ಹತ್ತೋ ಹುಚ್ಚು?"

ಹೀಗೆ ಅವಳ ಕೈಯೂ ಮಡಿಲಲ್ಲೇ ತುಕ್ಕು ಹಿಡಿಯುತ್ತ ಕೂತಿತ್ತು.

ಆರು ತಿಂಗಳಿಗೊಮ್ಮೆ ಪೈಲಟ್‌ಗಳಿಗೆ ಸಿಮ್ಯುಲೇಟರಿನಲ್ಲಿ, ಅಂದರೆ ನೆಲ ಬಿಡದ ನಕಲಿ ವಿಮಾನದಲ್ಲಿ, ಪರೀಕ್ಷೆ. ಭಾವ ಹಿಂದಿನ ಸಲ ಡುಮ್ಕಿ ಹೊಡೆದು, ಮರುಪರೀಕ್ಷೆಯಲ್ಲಿ ಹೇಗೋ ಪಾರಾಗಿದ್ದರು. ಈ ಸಲವೂ ಹೋದರೆ ಕ್ಯಾಪ್ಟನ್ ಸೀಟಿಗೆ ಎಳ್ಳುನೀರು. ಜೋಡಿಯಾಗಿ ಸಿಕ್ಕವಳು ನಾದಿನಿ. ಪರೀಕ್ಷೆಯ ದಿನ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಭಾವ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೆಲ್ಲಗೆ ಒಂದು ಕೈ ಹಾಕ್ಬಿಡು. ಹಿಂದೆ ಕೂತ ಪರೀಕ್ಷಕನಿಗೆ ಏನು ಕಾಣತ್ತೆ?"

"ಹಾಗೆಲ್ಲ ಕೈ ಹಾಕೋ ಹಾಗಿಲ್ಲ ಭಾವ. ವೇಗ ಬಿದ್ರೆ ಎರಡು ಸಲ ಕೂಗ್ತೀನಿ. ಆಗ್ಲೂ ನೀವು ಸುಮ್ನಿದ್ರೆ ವಿಮಾನ ನಾನೇ ತಗೋಬೇಕು. ತಗೊಂಡ್ರೆ ನೀವು ಫೇಲು."

"ನಿಮ್ಮಕ್ಕನ ಮುಖನಾದ್ರೂ ನೋಡೇ."

"ಅಕ್ಕ ವಿಮಾನದಲ್ಲಿ ಇರಲ್ಲ."

ಶೆಡ್ಡಿನೊಳಗೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಬಿಳಿ ಡಬ್ಬಿ. ಒಳಗೆ ಅಸಲಿಯಂಥದೇ ಕಾಕ್‌ಪಿಟ್. ಹಿಂದಿನ ಸೀಟಿನಲ್ಲಿ ಬೋಳುತಲೆಯ ಪರೀಕ್ಷಕ, ಬಾಯಲ್ಲಿ ಕೆಮ್ಮಿನ ಗುಳಿಗೆ.

"ಇಳಿಯೋಕೆ ಶುರುಮಾಡಿ ಕ್ಯಾಪ್ಟನ್. ಆಟೋಪೈಲಟ್ ಬೇಡ. ಎಂಜಿನ್ ಹಿಡಿನೂ ನಿಮ್ಮ ಕೈಯಲ್ಲೇ ಇರ್ಲಿ."

ದಿನನಿತ್ಯ ಆ ಹಿಡಿಯನ್ನು ಹಿಂದೆಮುಂದೆ ಸರಿಸಿ ಎಂಜಿನ್ನಿನ ಬಲವನ್ನು ಯಂತ್ರವೇ ಹೆಚ್ಚುಕಡಿಮೆ ಮಾಡಿಕೊಳ್ಳುತ್ತಿತ್ತು. ಕ್ಯಾಪ್ಟನ್ನರ ಅಂಗೈ ಹಿಡಿಯ ಮೇಲೆ ಅತಿಥಿಯಂತೆ ಕೂತಿರುತ್ತಿತ್ತು. ಇವತ್ತೂ ಹಾಗೇ ಕೂತಿತು. ಭಾವ ದಾರಿ ನೇರವಾಗಿ ಹಿಡಿದಿದ್ದರು, ಸುಳ್ಳು ಹೇಳಬಾರದು. ಆದರೆ ವೇಗದ ಮುಳ್ಳು ಜಾರತೊಡಗಿತು; ಹಿಡಿಯನ್ನು ಮುಂದೆ ನೂಕಿ ಬಲ ಕೊಡಬೇಕಿತ್ತು.

"ಸ್ಪೀಡ್!" ಎಂದಳು.

"ಚೆಕ್ಡ್!" ಎಂದರು ಭಾವ. ನೋಡಿದೆ, ಸರಿಮಾಡುತ್ತಿದ್ದೇನೆ ಎಂದು ಅದರರ್ಥ. ದನಿ ಕಂಚಿನಂತೆ ಮೊಳಗಿತು. ಕೈ ಕದಲಲಿಲ್ಲ. ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸಿ, ಅರ್ಥ ಕೇಳಿದರೆ ಪಿಳಿಪಿಳಿ ನೋಡುವವರ ಹಾಗೆ.

"ಸ್ಪೀಡ್, ಭಾವ!"

"ಚೆಕ್ಡ್, ಚೆಕ್ಡ್!"

ಹಿಡಿ ತಾನಾಗಿ ಮುಂದೆ ಸರಿಯುತ್ತದೆಂದು ಅಂಗೈ ಕಾಯುತ್ತಲೇ ಇತ್ತು. ಅವಳಿಗೆ ಒಂದು ಕ್ಷಣ ಅಕ್ಕನ ಮುಖ ಕಂಡದ್ದು ನಿಜ. ಆಮೇಲೆ ಬೆನ್ನ ಹಿಂದೆ ದಿನವೂ ಬೆಲ್ಟು ಬಿಗಿದುಕೊಂಡು ಕೂರುವ ಪ್ರಯಾಣಿಕರ ಸಾಲು ಕಂಡಿತು. ವೇಗ ಸಾಲದೆ ವಿಮಾನ ಗಡಗಡ ನಡುಗತೊಡಗಿತು.

"ವಿಮಾನ ನನ್ನದು," ಎಂದು ಅವರ ಕೈ ಸರಿಸಿ ಹಿಡಿಯನ್ನು ಪೂರಾ ಮುಂದಕ್ಕೆ ನೂಕಿದಳು.

"ಹಾಗೇ ಒಂದು ಸುತ್ತು ಬಂದು ನೀನೇ ಇಳಿಸಮ್ಮ," ಎಂದರು ಪರೀಕ್ಷಕ.

ಇಳಿಸಿದಳು. ವಿಮಾನ ಓಲಾಡಿ, ಕುಪ್ಪಳಿಸಿ, ಡಬ್ಬಿಯೆಲ್ಲ ಗಡಬಡಿಸಿ ನಿಂತಿತು.

"ಇದು ಇಳಿಸಿದ್ದಾ, ಎತ್ತಿ ಹಾಕಿದ್ದಾ?" ಎಂದರು ಪರೀಕ್ಷಕರು.

"ಎತ್ತಿ ಹಾಕಿದ್ದು," ಎಂದು ಅವಳೇ ಒಪ್ಪಿದಳು. ಭಾವನನ್ನು ನೋಡಿ ತುಟಿ ಕೊಂಕಿಸುತ್ತ ಬಂದವಳಿಗೆ ತನ್ನ ಕೈ ಮೇಲೂ ಹೇಸಿಗೆಯಾಯಿತು.

ಹೊರಬಂದ ಮೇಲೆ ಪರೀಕ್ಷಕರು ಭಾವನಿಗೆ ನೇರವಾಗಿ ಹೇಳಿದರು: ಕೈ ಪಳಗುವ ತನಕ ಹಾರಾಟವಿಲ್ಲ. ಡಬ್ಬಿ ಮಧ್ಯಾಹ್ನದವರೆಗೆ ಖಾಲಿಯಿದೆ, ಬೇಕಾದವರು ಈಗಲೇ ಕೂರಬಹುದು.

"ಒಂದೇ ಒಂದು ಕ್ಷಣ ಕಾದಿದ್ರೆ ನಾನೇ ನೂಕ್ತಿದ್ದೆ," ಎಂದು ಭಾವ ಗೊಣಗಿದರು.

"ಕಾದಿದ್ದು ನೀವು. ಯಾರು ಬಂದು ನೂಕ್ತಾರೆ ಅಂತ?" ಅವಳು ಬಾಗಿಲಲ್ಲಿ ನಿಂತಳು. "ನಾನು ಒಳಗೆ ಹೋಗ್ತಿದ್ದೀನಿ. ಬನ್ನಿ, ಇಬ್ರೂ ಕಲಿಯೋಣ."

ಭಾವ ಗಡಿಯಾರ ನೋಡಿದರು.

"ಊಟ ಆಗ್ಲಿ ತಡಿ," ಎಂದು ಕ್ಯಾಂಟೀನಿನ ಕಡೆ ನಡೆದರು, ಎಂಥ ಗಾಳಿಗೂ ಅಲುಗದವರ ಹಾಗೆ.

ಅವಳು ಒಳಗೆ ಹೋಗಿ ಬಾಗಿಲೆಳೆದುಕೊಂಡಳು.