ಇಲ್ಲದ ಕಂಬ

ಆ ಗುರುಗಳ ಕರಾಟೆ ಶಾಲೆಯಲ್ಲಿ ಕಲಿತ ಪ್ರತಿಯೊಬ್ಬನೂ ನಡೆಗಳ ಸರಣಿಯನ್ನು ಒಪ್ಪಿಸುವಾಗ, ಮೊದಲ ಗುದ್ದಿನ ಬಳಿಕ ಎಡಕ್ಕೆ ಅರ್ಧ ಹೆಜ್ಜೆ ಸರಿದೇ ಮುನ್ನುಗ್ಗುತ್ತಿದ್ದ. ಅದು ಶತ್ರುವಿನ ಕಣ್ಣು ತಪ್ಪಿಸುವ ಉಪಾಯವೆಂದು ಕೆಲವರು, ವಿನಯದ ಸಂಕೇತವೆಂದು ಕೆಲವರು ವ್ಯಾಖ್ಯಾನ ಹೊಸೆದಿದ್ದರು. ನಿಜಸಂಗತಿ ಶಿಷ್ಯರಲ್ಲೊಬ್ಬನಾದ, ವೆಲ್ಡಿಂಗ್ ಕಸುಬಿನ ಬೆಸುಗೆಯವನಿಗೆ ಗೊತ್ತಿತ್ತು. ಗುರುಗಳು ಮೊದಲು ಪಾಠ ಹೇಳುತ್ತಿದ್ದ ಉಗ್ರಾಣದ ನಟ್ಟನಡುವೆ ಕಬ್ಬಿಣದ ಕಂಬವೊಂದಿತ್ತು. ಸರಿಯದಿದ್ದರೆ ಹಣೆ ಒಡೆಯುತ್ತಿತ್ತು. ಉಗ್ರಾಣವನ್ನು ಕೆಡವಿದಾಗ ಆ ಕಂಬವನ್ನು ಗ್ಯಾಸಿನ ಉರಿಯಲ್ಲಿ ಕೊಯ್ದು ಉರುಳಿಸಿದವನು ಅವನೇ. ಶಾಲೆ ವಿಶಾಲವಾದ ಸಭಾಂಗಣಕ್ಕೆ ಬಂದಿತು. ಅರ್ಧ ಹೆಜ್ಜೆಯೂ ಬೆನ್ನುಬಿಡದೆ ಬಂದಿತು.

ಮೇಲ್ದರ್ಜೆಯ ಪರೀಕ್ಷೆಯ ದಿನ ಅವನು ನೆಟ್ಟಗೆ ನಡೆದುಬಿಟ್ಟ.

"ಸರಿಯೋದು ಮರೆತೆಯೇನೋ?" ಎಂದರು ಗುರುಗಳು.

"ಮರೆತಿಲ್ಲ ಗುರುಗಳೇ. ಆ ಕಂಬ ಕೊಯ್ದವನು ನಾನೇ. ಇಲ್ಲದ ಕಂಬಕ್ಕೆ ಯಾಕೆ ಹೆದರಲಿ?"

"ಬಾಲ ಬಿಚ್ಚಬೇಡ," ಎಂದು ಸಿಡುಕಿದ ಹಿರಿಯ ಶಿಷ್ಯ. ಅವನನ್ನು ಎಲ್ಲರೂ ಗಂಟುಮೋರೆ ಎನ್ನುತ್ತಿದ್ದರು.

"ಎಡಕ್ಕೆ ಸರಿ, ಇಲ್ಲವೇ ಬೆಲ್ಟ್ ಬಿಚ್ಚು," ಎಂದರು ಗುರುಗಳು.

ಬೆಸುಗೆಯವನು ಬೆಲ್ಟ್ ಬಿಚ್ಚಿ, ಮಡಿಸಿ, ಅವರ ಪಾದದ ಬಳಿಯಿಟ್ಟು, ತಲೆಬಾಗಿ ನಮಸ್ಕರಿಸಿ ಹೊರಟುಹೋದ.

ತನ್ನ ವರ್ಕ್‌ಶಾಪಿನಲ್ಲಿಯೇ ಕಲಿಸತೊಡಗಿದ. ತನ್ನ ಶೈಲಿಗೆ 'ನೇರ ನಡೆ' ಎಂದು ಹೆಸರಿಟ್ಟ.

"ನಿಮಗೆ ನೇರವಾಗಿ ಬರೋದು ಜಗಳ ಒಂದೇ ಕಣ್ರೀ," ಎಂದಳು ಹೆಂಡತಿ. ಆದರೂ ಫಲಕಕ್ಕೆ ಬಣ್ಣ ಬಳಿದವಳು ಅವಳೇ.

ಮಗಳು ಅಲ್ಲಿಯೇ ಬೆಳೆದು ಸ್ಪರ್ಧೆಯ ವಯಸ್ಸಿಗೆ ಬಂದಳು. ಆದರೆ ಕರಾಟೆ ಸಂಘ ಒಪ್ಪದ ಶೈಲಿಯವರಿಗೆ ಅಖಾಡಕ್ಕೆ ಪ್ರವೇಶವಿರಲಿಲ್ಲ. ಅವಳ ವಯೋಮಿತಿ ಮುಗಿಯುವ ವರ್ಷ, ಸಂಘದ ಅಧ್ಯಕ್ಷನಾಗಿದ್ದ ಗಂಟುಮೋರೆಯೇ ವರ್ಕ್‌ಶಾಪಿನ ಬಾಗಿಲಿಗೆ ಬಂದ.

"ಗುರುಗಳ ಆ ಅರ್ಧ ಹೆಜ್ಜೆ ಸೇರಿಸಯ್ಯಾ, ಸಾಕು. ನಿನ್ನ ಶೈಲಿಗೆ ಮಾನ್ಯತೆ ಕೊಡ್ತೀವಿ. ಮಗಳ ಮುಖನಾದ್ರೂ ನೋಡು."

ಬೆಸುಗೆಯವನು ಮಗಳ ಮುಖ ನೋಡಿದ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ನಾಲಿಗೆ ತಡವರಿಸಿತು. "ನಿನ್ನಿಷ್ಟ ಕಣಮ್ಮಾ," ಎಂದ.

"ನಾನು ಪಕ್ಕಕ್ಕೆ ಸರಿಯೋದಿಲ್ಲ," ಎಂದಳು ಮಗಳು. "ಇನ್ನೊಂದು ಮಾತು ಅಪ್ಪಾ. ಕೊನೇ ಒದೆತಕ್ಕೆ ಮುಂಚೆ ನಾವೆಲ್ಲ ಬಗ್ತೀವಲ್ಲ, ಅದನ್ನೂ ಇವತ್ತಿಂದ ಬಿಟ್ಟೆ."

"ಅದು ನಮ್ಮ ಶೈಲಿ!" ಎಂದು ಗುಡುಗಿದ ತಂದೆ.

"ಶೈಲಿಯಲ್ಲ, ನಾವು ಬಗ್ಗೋದು ಅದಕ್ಕೆ." ಅವಳು ಬೆರಳು ಮೇಲೆತ್ತಿ ತೋರಿಸಿದಳು. ಭಾರ ಎತ್ತುವ ಸರಪಳಿಯ ಕೊಕ್ಕೆ ತಲೆಯೆತ್ತರಕ್ಕೆ ನೇತಾಡುತ್ತಿತ್ತು.

ಬೆಸುಗೆಯವನ ಕಿವಿ ಕೆಂಪಾಯಿತು. ಬಳಿಕ ಹೊಟ್ಟೆ ಕುಲುಕುವಂತೆ ನಕ್ಕು ಅಧ್ಯಕ್ಷನತ್ತ ತಿರುಗಿದ.

"ಕೇಳಿದೆಯಾ? ನನ್ನ ಕೊಕ್ಕೆಗೇ ಬಗ್ಗದವಳು ನಿಮ್ಮ ಕಂಬಕ್ಕೆ ಸರೀತಾಳಾ? ಹೋಗಯ್ಯಾ, ನಿಮ್ಮ ಮಾನ್ಯತೆ ನೀವೇ ಇಟ್ಕೊಳ್ಳಿ."

ಗಂಟುಮೋರೆ ಇನ್ನಷ್ಟು ಗಂಟಿಕ್ಕಿಕೊಂಡು ಹೊರಟುಹೋದ. ಅವನೊಂದಿಗೆ ಆ ವರ್ಷದ ಸ್ಪರ್ಧೆಯೂ ಹೋಯಿತು. ಮಗಳು ಕಣ್ಣೊರೆಸಿಕೊಂಡು ನೆಲದ ನಡುವೆ ನಿಂತು ಸರಣಿಯನ್ನು ಮೊದಲಿನಿಂದ ಆರಂಭಿಸಿದಳು. ಅವಳು ಕೊನೆಯ ಒದೆತದ ಬಳಿಗೆ ಬರುವಷ್ಟರಲ್ಲಿ ತಂದೆ ಕೊಕ್ಕೆಯನ್ನು ಎರಡೂ ಕೈಗಳಿಂದ ಪಕ್ಕಕ್ಕೆಳೆದು ಹಿಡಿದು ನಿಂತಿದ್ದ. ಅವಳು ತಲೆಯೆತ್ತಿಕೊಂಡು ಹಾದುಹೋದಳು.