ಕೊಯ್ದವರಿಗೆ ಕೊನೆಯ ಹೋಳು

ನಿವೃತ್ತಿಯಾದ ಮರುತಿಂಗಳೇ ಕಾಲಿಗೆ ಚಕ್ರ ಕಟ್ಟಿಕೊಂಡು ಹೊರಟ ಹೆಡ್‌ಮೇಡಮ್ಮು ಎರಡು ವರ್ಷವಾದರೂ ಮನೆಯತ್ತ ಮುಖ ಮಾಡಿರಲಿಲ್ಲ. ಜೊತೆಗೆ ತಂಗಿ, ನರ್ಸಾಗಿ ದುಡಿದು ದಣಿದವಳು. ದೇಶದೇಶ ಸುತ್ತಿ ಅಕ್ಕ ಒಂದು ತೀರ್ಮಾನಕ್ಕೆ ಬಂದಿದ್ದರು: ಲೋಕದಲ್ಲಿ ಭಾಗ ಮಾಡುವವರೇ ಮೊದಲು ಆರಿಸಿಕೊಳ್ಳುತ್ತಾರೆ, ಅನ್ಯಾಯದ ಬೇರು ಅಲ್ಲಿದೆ. ಅವರ ಅಮ್ಮನ ಕಾನೂನು ಬೇರೆ. ಹಣ್ಣು ಕೊಯ್ದವರಿಗೆ ಕೊನೆಯ ಹೋಳು. ಹಿರಿಯಳೆಂದು ಚಾಕು ಮಾತ್ರ ಸದಾ ಅಕ್ಕನ ಕೈಯಲ್ಲೇ. ರೈಲು, ಹಡಗು ಎನ್ನದೆ ಕಂಡವರ ಕಿವಿಗೆಲ್ಲ ಇದನ್ನು ತುಂಬಿದ್ದರು. ತಂಗಿಗಂತೂ ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಚಳಿಗಾಲ ಕಳೆಯಲು ಇಬ್ಬರೂ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿಳಿದರು. ಪಕ್ಕದ ಕೋಣೆಯಲ್ಲಿ ಬೇಕರಿಯವಳು, ಹೊಟ್ಟೆಪಾಡಿಗೆ ಬೇರೆ ದೇಶದಿಂದ ಬಂದವಳು. ಮೂವರಿಗೂ ಒಂದೇ ಬಚ್ಚಲು, ಒಂದೇ ಬಾಯ್ಲರು. ಅದು ನೀರು ಕಾಯಿಸುವುದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಒಬ್ಬರು ನಲ್ಲಿ ಬಿಟ್ಟುಕೊಂಡು ನಿಂತರೆ ಅಷ್ಟಕ್ಕೇ ಖಾಲಿ. ನೀವೇ ಹಂಚಿಕೊಳ್ಳಿ ಎಂದು ಮನೆಯೊಡತಿ ಕೈತೊಳೆದುಕೊಂಡಳು.

ಹಂಚುವುದೆಂದರೆ ಅಕ್ಕನಿಗೆ ಎಲ್ಲಿಲ್ಲದ ಹುರುಪು. ಒಬ್ಬರಿಗೊಂದು ಹೊತ್ತು ಎಂದು ಭಾಗ ಮಾಡಿ, ನ್ಯಾಯವಾಗಿ ತಂಗಿಗೇ ಮೊದಲು ಆರಿಸಿಕೊಳ್ಳಲು ಹೇಳಿದರು. ತಂಗಿ ಸಂಜೆ ಎಂದಳು. ಬೆಳಗನ್ನು ಅಕ್ಕ ಇಟ್ಟುಕೊಂಡರು. ಆ ಚಳಿಯಲ್ಲಿ ಅವರ ಮಂಡಿಗಳು ಬಿಸಿನೀರು ಬಿದ್ದ ಹೊರತು ಮಡಚುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಮಿಂದು, ಮೈಯೆಲ್ಲ ಹಬೆಯಾಡುತ್ತ, ಬಡದೇಶಗಳಿಗೆ ಆಗುವ ಮೋಸದ ಬಗ್ಗೆ ಮಾತು ಶುರುಮಾಡಿದ್ದರು. ಆಗ ಬಚ್ಚಲಿನಿಂದ ಬೇಕರಿಯವಳು ಹೊರಬಂದಳು. ಹಲ್ಲು ಕಟಕಟ, ತುಟಿ ನೀಲಿ. ತಂಗಿ ಅವಳ ಕೈ ಹಿಡಿದು ನೋಡಿ ವಿಚಾರಿಸಿದಳು. ರಾತ್ರಿಯೆಲ್ಲ ಹಿಟ್ಟು ನಾದಿ ಬೆಳಿಗ್ಗೆ ಬರುವವಳಿಗೆ ಮಧ್ಯಾಹ್ನವೆಂದರೆ ನಡುರಾತ್ರಿ. ಬಂದಾಗಿನಿಂದಲೂ ತಣ್ಣೀರೇ.

"ಅಕ್ಕಾ, ನೀನು ಕೊಯ್ದೆ, ನಾನು ಆರಿಸ್ದೆ. ಇವಳನ್ನ ಯಾರು ಕೇಳಿದ್ರು?"

ಕೊಯ್ದ ತಾನು ಕೊನೆಯ ಹೋಳು ತೆಗೆದುಕೊಂಡಿರಲಿಲ್ಲವೆಂದು ಅಕ್ಕನಿಗೆ ಅರಿವಾಯಿತು. ಆದರೆ ತಪ್ಪಿಗೆ ಮುಖ ಮುಚ್ಚಿಕೊಳ್ಳುವ ಹೆಂಗಸಲ್ಲ ಅವರು. ಮಂಡಿಯ ಗತಿ ಏನಾದೀತೆಂದು ಯೋಚನೆಯಾದರೂ, ನಾಳೆಯಿಂದ ಬೆಳಗಿನ ನೀರು ನಿನಗೇ ಎಂದು ಅಲ್ಲೇ ಬಿಟ್ಟುಕೊಟ್ಟರು.

ಅಕ್ಕನ ಬಾಯಿಂದ ಹೋಳಿನ ಕಾನೂನನ್ನು ಆಗಲೇ ಕೇಳಿದ್ದ ಬೇಕರಿಯವಳು ಅಡ್ಡಡ್ಡ ತಲೆಯಾಡಿಸಿದಳು. ಮೂವರಿಗೂ ಸಮಾನವಾಗಿ ಗೊತ್ತಿದ್ದ ಅರೆಬರೆ ಭಾಷೆಯಲ್ಲಿ ಹೇಳಿದಳು, "ನಿಮ್ಮ ಪಾಲು ನಂಗೆ ಬೇಡ. ಚಾಕು ಕೊಡಿ. ನಾನು ಕೊಯ್ತೀನಿ, ಕೊನೇದು ನಾನೇ ತಗೋತೀನಿ."

ಮರುದಿನ ಅಕ್ಕ ಬಾಗಿಲು ತೆರೆದರೆ ಬಚ್ಚಲಿನ ಮುಂದೆ ಮೂರು ಬಕೆಟ್ ಬಿಸಿನೀರು ಸಾಲಾಗಿ ನಿಂತಿದ್ದವು. ಹೊತ್ತನ್ನಲ್ಲ, ನೀರನ್ನೇ ಅವಳು ಭಾಗ ಮಾಡಿದ್ದಳು. ತನ್ನ ಜಾಣತಲೆಗೆ ಇದು ಹೊಳೆಯಲಿಲ್ಲವಲ್ಲ ಎಂದು ಅಕ್ಕನಿಗೆ ನಗುವೇ ಬಂತು. ಆದರೂ ಮೇಡಮ್ಮಿನ ಬುದ್ಧಿ ಎಲ್ಲಿ ಹೋದೀತು? ಒಂದೊಂದಕ್ಕೂ ಬಗ್ಗಿ ನೋಡಿದರು, ಬೆರಳದ್ದಿ ನೋಡಿದರು. ಎಲ್ಲೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಸಿಗಲಿಲ್ಲ.

"ಆರಿಸ್ಕೊ ಅಕ್ಕಾ, ನೀರು ಆರ್ತಾ ಇದೆ," ಎಂದಳು ತಂಗಿ.

ಇನ್ನೂ ಹಿಟ್ಟು ಮೆತ್ತಿದ ಕೈ ಕಟ್ಟಿಕೊಂಡು ಬೇಕರಿಯವಳು ಕಾಯುತ್ತಿದ್ದಳು. ಅಕ್ಕ ಹತ್ತಿರದ ಬಕೆಟ್ಟಿಗೆ ಕೈಹಾಕಿದರು. ಬೇರೆಯವರು ಮಾಡಿದ ಭಾಗವನ್ನು ಅವರು ಎತ್ತಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.