ರಿಂಗಿನ ದಪ್ಪ

“ಇನ್ನೊಂಚೂರು ಹಿಂದಕ್ಕೆ ಹೋಗೇ ಇಲಿಮರಿ, ನನ್ನ ಹೊಟ್ಟೆ ಪೂರ್ತಿ ಬರ್ಬೇಕಲ್ಲ!”

ಗೋಡೌನಿನ ಮೆಟ್ಟಿಲುಗಳ ಮೇಲ್ತುದಿಯಿಂದ ಕತ್ತರಿ ಅಜ್ಜಿ ಹೀಗೆ ಕೂಗಿದ್ದೇ ತಡ, ಸಾಲುಸಾಲಾಗಿ ನಿಂತಿದ್ದ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಕೊಡೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಲೇ ಮುದುಕಿಯಾದವಳು ಅವಳು. ಅವಳ ಬಾಯಿಗೆ ಸೂಪರ್‌ವೈಸರ್ ಕೂಡ ಹೆದರುತ್ತಿದ್ದ. ಕ್ಯಾಮೆರಾದ ಹಿಂದೆ ನಿಂತಿದ್ದ ಹುಡುಗಿ ಮಾತ್ರ ನಗಲಿಲ್ಲ. ಅವಳ ಕಣ್ಣು ಕ್ಯಾಮೆರಾದ ಪುಟ್ಟ ಪರದೆಗೆ ಅಂಟಿಕೊಂಡಿತ್ತು. ಅಲ್ಲಿ ಅಜ್ಜಿಯ ಹೊಟ್ಟೆಯೂ ಇರಲಿಲ್ಲ, ಮುಖವೂ ಇರಲಿಲ್ಲ. ಸೀರೆಗಳ ಬಣ್ಣಗಳು ಒಂದರೊಳಗೊಂದು ಕಲಸಿಹೋಗಿದ್ದವು. ಮುಖಗಳಿರಬೇಕಾದ ಕಡೆಯೆಲ್ಲ ಹಿಟ್ಟಿನ ಉಂಡೆಗಳನ್ನು ಜೋಡಿಸಿಟ್ಟ ಹಾಗಿತ್ತು.

ಅವಳು ಲೆನ್ಸನ್ನು ಇನ್ನಷ್ಟು ತಿರುಗಿಸಿದಳು. ಅದು ಟಕ್ಕೆಂದು ನಿಂತುಕೊಂಡಿತು. ಅಲ್ಲಿಂದಾಚೆ ತಿರುಗುವುದೇ ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಲ ಹಾಕಿ ಒತ್ತಿದಳು. ಬೆರಳ ತುದಿ ಬೆಳ್ಳಗಾಯಿತೇ ಹೊರತು ಮುಖಗಳು ಮೂಡಲಿಲ್ಲ.

ಕಾರ್ಖಾನೆಗೆ ಇಂದು ಕೊನೆಯ ದಿನ. ಒಳಗೆ ಯಂತ್ರಗಳ ಸದ್ದು ಬೆಳಿಗ್ಗೆಯೇ ನಿಂತಿತ್ತು. ಹೆಂಗಸರನ್ನು ಅವರವರ ಊರಿಗೆ ಬಿಡುವ ವ್ಯಾನು ಗೇಟಿನ ಹತ್ತಿರ ಕಾಯುತ್ತಿತ್ತು. ನಾಳೆಯಿಂದ ಇವರು ಹೀಗೆ ಒಂದು ಕಡೆ ಸೇರುವುದಿಲ್ಲ. ಕೊಡೆಗೆ ಕಡ್ಡಿ ಕೂರಿಸುವ ಮೇಜಿನ ಮೂಲೆಯಲ್ಲಿ ತಲೆತಗ್ಗಿಸಿ ಕೂರುತ್ತಿದ್ದ ಈ ಹುಡುಗಿಯೂ ನಾಳೆ ಇಲ್ಲಿರುವುದಿಲ್ಲ. ಎಲ್ಲಿರುತ್ತಾಳೆ ಎನ್ನುವುದು ಈ ಒಂದು ಫೋಟೋದ ಮೇಲೆ ನಿಂತಿತ್ತು.

ದೊಡ್ಡಮ್ಮ ಆಗಲೇ ಮಾತಾಡಿ ಮುಗಿಸಿದ್ದಳು. ದೂರದ ಊರಲ್ಲಿ ಯಾರದೋ ಮನೆ, ನೋಡಿಕೊಳ್ಳಲು ಎರಡು ಮಕ್ಕಳು, ಊಟ ವಸತಿ ಎಲ್ಲ ಅಲ್ಲೇ. ಅಪ್ಪ ದೊಡ್ಡಮ್ಮನ ಮನೆಯ ಹಿಂದಿನ ಕೋಣೆಯಲ್ಲಿರುತ್ತಾನಂತೆ. ಕ್ಯಾಮೆರಾ ರಿಪೇರಿ ಮಾಡುತ್ತಿದ್ದ ಅಪ್ಪನ ಕೈಗಳು ಈಗ ಸದಾ ನಡುಗುತ್ತವೆ. ಅಂಗಿಯ ಗುಂಡಿಯನ್ನೂ ಮಗಳೇ ಹಾಕಬೇಕು. “ಗುಂಡಿ ಇಲ್ದಿರೋ ಅಂಗಿ ಹೊಲಿಸಿದ್ರಾಯ್ತು ಬಿಡು,” ಎಂದು ದೊಡ್ಡಮ್ಮ ಅಂದಿದ್ದಳು. ಅಪ್ಪ ಮಗಳ ಕಡೆ ನೋಡಲಿಲ್ಲ.

ಉಳಿದಿದ್ದು ಒಂದೇ ದಾರಿ. ಪೇಟೆಯ ಸ್ಟುಡಿಯೋದವನು ಅಪ್ಪನ ಮುಖ ನೋಡಿ ಒಂದು ಮಾತು ಕೊಟ್ಟಿದ್ದ. “ದೊಡ್ಡ ಗುಂಪಿನ ಫೋಟೋ ಒಂದು ತೆಗ್ದು ತಂದು ತೋರ್ಸಮ್ಮ. ಫೋನಿಂದು ಬೇಡ. ಗೋಡೆಯಷ್ಟು ದೊಡ್ಡದು ಮಾಡಿದ್ರೂ ಒಂದೊಂದು ಮುಖಾನೂ ಗೊತ್ತಾಗ್ಬೇಕು. ತಂದ್ರೆ ಸೋಮವಾರದಿಂದ ಕೆಲ್ಸಕ್ಕೆ ಬಾ. ಇಲ್ಲಾಂದ್ರೆ ಬೇರೆಯವರು ಕಾಯ್ತಿದಾರೆ.” ಹೀಗೆ ಹೇಳಿ, ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಕ್ಯಾಮೆರಾ ಬಾಡಿಯನ್ನೂ ಕೈಗಿಟ್ಟಿದ್ದ. ಅದಕ್ಕೆ ಲೆನ್ಸ್ ಇರಲಿಲ್ಲ. ಮನೆಯಲ್ಲಿ ಅಪ್ಪನ ಲೆನ್ಸ್ ಇತ್ತು. ಅದು ಅಪ್ಪನ ವಯಸ್ಸಿನದು, ಬೇರೆಯೇ ಕಂಪನಿಯದು. ಎರಡಕ್ಕೂ ಕೂಡುವ ಮಾತೇ ಇರಲಿಲ್ಲ.

ಕೂಡಿಸುವ ರಿಂಗನ್ನು ಅವಳೇ ಮಾಡಿದಳು. ಬಾಡಿಯ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳದ ನಡುವೆ ತೂತು ಕೊರೆದಳು. ಅಂಗಳದಲ್ಲಿ ನಿಲ್ಲಿಸುವ ದೊಡ್ಡ ಕೊಡೆಗಳ ಅಲ್ಯೂಮಿನಿಯಂ ಕೊಳವೆಯಿಂದ ಬಳೆಯಂಥ ಒಂದು ತುಂಡು ಕೊಯ್ದು, ಮುಚ್ಚಳಕ್ಕೆ ಅಂಟಿಸಿದಳು. ಅದರ ಮುಂದೆ, ಲೆನ್ಸ್ ಕಚ್ಚಿಕೊಳ್ಳಲು, ಅಪ್ಪನ ಡಬ್ಬಿಯಲ್ಲಿದ್ದ ಹಿತ್ತಾಳೆಯ ಬಳೆ. ಅಪ್ಪ ಪಕ್ಕದಲ್ಲಿ ಕೂತು, ನಡುಗುವ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಬಾಯಲ್ಲೇ ಕೆಲಸ ಮಾಡಿಸಿದ.

“ಗಾಜಿನ ಮೇಲೆ ಮರಳು ಕಾಗ್ದ ಇಟ್ಟು ಉಜ್ಜು. ಉಗುರಿನಷ್ಟು ದಪ್ಪ ಜಾಸ್ತಿ ಆದ್ರೂ ಲೆನ್ಸಿಗೆ ದೂರ ಕಾಣಲ್ಲ. ಹತ್ರದ್ದು ಚೆನ್ನಾಗೇ ಬರುತ್ತೆ, ಅದನ್ನ ನಂಬ್ಬೇಡ. ಬೀದಿಗೆ ತಗೊಂಡು ಹೋಗು, ತುದೀಲಿರೋ ನೀರಿನ ಟ್ಯಾಂಕ್ ನೋಡಿ ಬಾ.”

ಅವಳು ಬಾಗಿಲವರೆಗೆ ಹೋಗಿದ್ದಳು. ಎದುರು ಮನೆಯ ಕಟ್ಟೆಯ ಮೇಲೆ ಹುಡುಗರು ಕೂತು ಹರಟುತ್ತಿದ್ದರು. ಕ್ಯಾಮೆರಾ ಹಿಡಿದು ಬೀದಿಯ ನಡುವೆ ನಿಂತರೆ ಅವರೆಲ್ಲ ತನ್ನನ್ನೇ ನೋಡುತ್ತಾರೆ, ಏನಾದರೂ ಅನ್ನುತ್ತಾರೆ. ಅವಳು ಬಾಗಿಲ ಸಂದಿಯಲ್ಲೇ ಸ್ವಲ್ಪ ಹೊತ್ತು ನಿಂತು ವಾಪಸ್ಸು ಬಂದಳು. “ನೋಡ್ದೆ ಅಪ್ಪ. ಕಾಣ್ಸುತ್ತೆ,” ಎಂದಳು. ಆಮೇಲೆ ಅಪ್ಪನ ಮುಖವನ್ನೇ ಒಂದು ಫೋಟೋ ತೆಗೆದಳು. ಗಡ್ಡದ ಒಂದೊಂದು ಬಿಳಿ ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು. ಅಪ್ಪ ಪರದೆಯನ್ನು ತುಂಬ ಹೊತ್ತು ನೋಡಿ, “ನನ್ ಮಗ್ಳು ಕಣೇ ನೀನು,” ಎಂದಿದ್ದ.

ಈಗ ಅಂಗಳದ ಬಿಸಿಲಲ್ಲಿ ನಿಂತವಳಿಗೆ, ರಿಂಗ್ ದಪ್ಪವಾಗಿಯೇ ಉಳಿದಿದೆ ಎಂದು ಗೊತ್ತಾಗಿತ್ತು.

“ಏನಮ್ಮಾ, ಇನ್ನೂ ಆಗ್ಲಿಲ್ವಾ?” ಸೂಪರ್‌ವೈಸರ್ ಹತ್ತಿರ ಬಂದ. “ಡ್ರೈವರು ಕುಣೀತಿದಾನೆ. ಫೋನಲ್ಲಿ ಹೊಡೆದಿದ್ರೆ ಇಷ್ಟೊತ್ತಿಗೆ ಎಲ್ರೂ ಮನೆ ಸೇರ್ತಿದ್ರು.”

“ಒಂದ್ನಿಮಿಷ ಸಾರ್,” ಎಂದಳು. ಅವಳ ಮಾತು ಅವಳಿಗೇ ಕೇಳಿಸಲಿಲ್ಲ.

ಕ್ಯಾಮೆರಾದ ಸ್ಟ್ಯಾಂಡನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರಕ್ಕೆ ಹೋದಳು. ತೀರ ಹತ್ತಿರವಾದಾಗ ಮುಖಗಳು ಫಕ್ಕನೆ ಮೂಡಿದವು. ಆದರೆ ಅಷ್ಟು ಹತ್ತಿರದಿಂದ ಹಿಡಿಸುವುದು ಬೆರಳೆಣಿಕೆಯ ಜನ. ಅದನ್ನು ಸ್ಟುಡಿಯೋದವನು ಗುಂಪು ಎನ್ನುತ್ತಾನೆಯೇ? ಲೆನ್ಸಿನೊಳಗಿನ ರಂಧ್ರವನ್ನು ಸಣ್ಣದು ಮಾಡಿದರೆ ದೂರವೂ ಒಂದಿಷ್ಟು ಕಂಡೀತು. ಆದರೆ ಅದನ್ನು ಹಿಗ್ಗಿಸಿ ಕುಗ್ಗಿಸುವ ತಗಡಿನ ಎಲೆಗಳು ಎಣ್ಣೆ ಕುಡಿದು ಎಷ್ಟೋ ವರ್ಷಗಳಿಂದ ಅಗಲವಾಗಿ ತೆರೆದುಕೊಂಡೇ ಅಂಟಿಹೋಗಿದ್ದವು.

“ಹತ್ರ ಬರ್ತಾಳೆ, ದೂರ ಹೋಗ್ತಾಳೆ. ನಾವೇನು ಮದ್ವೆ ಗಂಡೇನೇ, ನಾಚ್ಕೊಳ್ಳೋಕೆ?” ಎಂದಿತು ಮಧ್ಯದ ಸಾಲು.

“ಸುಮ್ನಿರ್ರೇ, ಪಾಪ! ಅದು ಬಾಯಿ ಬಿಟ್ಟು ಮಾತಾಡಿದ್ದನ್ನೇ ನಾನು ನೋಡಿಲ್ಲ,” ಎಂದಳು ಕತ್ತರಿ ಅಜ್ಜಿ. ಅದಕ್ಕೂ ನಗು.

ಹುಡುಗಿ ಲೆನ್ಸನ್ನೂ ರಿಂಗನ್ನೂ ಬಿಚ್ಚಿದಳು. ಮನೆಯಲ್ಲಾಗಿದ್ದರೆ ಉಜ್ಜಿ ತೆಳ್ಳಗೆ ಮಾಡಬಹುದಿತ್ತು. ಇಲ್ಲಿ ಮರಳು ಕಾಗದ ಎಲ್ಲಿಂದ ಬರಬೇಕು? ಅವಳು ಕುಕ್ಕರಗಾಲಿನಲ್ಲಿ ಕೂತು, ಹಿತ್ತಾಳೆಯ ಬಳೆಯನ್ನು ಕಿತ್ತು, ರಿಂಗನ್ನು ಅಂಗಳದ ಸಿಮೆಂಟಿನ ಮೇಲೇ ಕವುಚಿ ಹಾಕಿ ಗರಗರ ಉಜ್ಜತೊಡಗಿದಳು. ಬೆಳ್ಳಿಯಂಥ ಪುಡಿ ಉದುರಿತು. ಗೆಣ್ಣು ಸುಲಿಯಿತು. ನಗು ನಿಂತುಹೋಯಿತು. ಹೆಂಗಸರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಇನ್ನೊಂದಿಷ್ಟು, ಇನ್ನೊಂದೇ ಒಂದಿಷ್ಟು ಎಂದು ಒತ್ತಿ ಉಜ್ಜುವಾಗ ಪ್ಲಾಸ್ಟಿಕ್ ಮುಚ್ಚಳ ಪಟ್ಟೆಂದು ಎರಡು ಹೋಳಾಯಿತು.

ಅವಳು ಆ ಹೋಳುಗಳನ್ನು ಸೇರಿಸಿ ಹಿಡಿದು ನೋಡಿದಳು. ಕೈ ಬಿಟ್ಟ ಕೂಡಲೇ ಅವು ಬೇರೆಯಾದವು.

ಗೇಟಿನ ಹತ್ತಿರ ವ್ಯಾನು ಹಾರ್ನ್ ಹೊಡೆಯಿತು.

ಯಾಕೆ ಹಾಗೆ ಮಾಡಿದಳೋ, ಅವಳು ಎದ್ದು ಬರಿಯ ಲೆನ್ಸನ್ನು ಎಡಗೈಯಲ್ಲಿ ಹಿಡಿದು, ಬಾಡಿಯ ಬಾಯಿಯ ಮುಂದೆ ಗಾಳಿಯಲ್ಲೇ ತಡೆದು ನಿಲ್ಲಿಸಿದಳು. ನಡುವೆ ಯಾವ ರಿಂಗೂ ಇಲ್ಲದೆ ಲೆನ್ಸ್ ಬಾಡಿಗೆ ಇನ್ನಷ್ಟು ಹತ್ತಿರವಾಯಿತು. ಸುತ್ತಲಿಂದ ಬೆಳಕು ನುಗ್ಗಿ ಪರದೆಯೆಲ್ಲ ಬಿಳಿಚಿಕೊಂಡಿತು. ಆ ಬಿಳುಪಿನೊಳಗೆ ಮೇಲಿನ ಸಾಲಿನಲ್ಲಿ ಒಂದು ಮೂಗುತಿ ಮಿಂಚಿತು. ಮೂಗುತಿಯ ಹಿಂದೆ ಮೂಗು, ಮೂಗಿನ ಹಿಂದೆ ಮುಖ.

“ಬಟ್ಟೆ,” ಎಂದಳು ಅವಳು. ಯಾರಿಗೂ ಕೇಳಿಸಲಿಲ್ಲ. “ಅಜ್ಜೀ, ಕಪ್ಪು ಬಟ್ಟೆ ಬೇಕು! ಬೇಗ!”

ಕತ್ತರಿ ಅಜ್ಜಿ ಬಾಯಿ ತೆರೆದವಳು ತೆರೆದ ಹಾಗೇ ಮೆಟ್ಟಿಲಿಳಿದು ಒಳಗೆ ಓಡಿದಳು. ಕೊಡೆಗೆಂದು ಇಟ್ಟಿದ್ದ ಕಪ್ಪು ಬಟ್ಟೆಯ ಥಾನಿನಿಂದ ಒಂದು ತುಂಡು ಹರಿದು ತಂದಳು. ಹುಡುಗಿಯ ತಲೆ, ಕೈ, ಕ್ಯಾಮೆರಾ ಎಲ್ಲದರ ಮೇಲೂ ಹೊದಿಸಿ, ಲೆನ್ಸಿನ ಕಣ್ಣು ಮಾತ್ರ ಹೊರಗೆ ಬರುವ ಹಾಗೆ ಸುತ್ತಿ, ಮತ್ತೆ ಓಡಿಹೋಗಿ ತನ್ನ ಜಾಗದಲ್ಲಿ ನಿಂತಳು.

ಬಟ್ಟೆಯೊಳಗೆ ಕತ್ತಲಿತ್ತು, ಸೆಕೆಯಿತ್ತು. ಅಲ್ಲಿ ಅವಳನ್ನು ಯಾರೂ ನೋಡುವಂತಿರಲಿಲ್ಲ.

“ಯಾರೂ ಅಲ್ಲಾಡ್ಬೇಡಿ!” ಎಂದು ಅವಳು ಕಿರುಚಿದಳು. ಅಂಗಳ ಸ್ತಬ್ಧವಾಯಿತು.

ಪರದೆಯ ಮೇಲೆ ಎಡಗಡೆಯವರು ಮೂಡಿದರು. ಅವರ ಕಿವಿಯ ಓಲೆ, ಹಣೆಯ ಬೆವರು ಕೂಡ ಕಂಡಿತು. ಬಲಗಡೆಯವರು ಕರಗಿಹೋಗಿದ್ದರು. ಲೆನ್ಸನ್ನು ಒಂದು ನೂಲಿನಷ್ಟು ವಾಲಿಸಿದಳು. ಬಲಗಡೆಯವರು ಮೂಡಿದರು, ಎಡಗಡೆಯವರು ಕರಗಿದರು. ಬಲಗೈಯಿಂದ ಕ್ಯಾಮೆರಾದ ಗುಂಡಿ ಒತ್ತಿದಳು. ಮತ್ತೆ ವಾಲಿಸಿ ಒತ್ತಿದಳು. ಮೇಲಿನ ಸಾಲು ಸಿಕ್ಕಿದರೆ ಕೆಳಗಿನದು ಹೋಯಿತು, ನಡುವಿನದು ಸಿಕ್ಕಿದರೆ ಎರಡೂ ತುದಿ ಹೋದವು. ಬೆರಳುಗಳು ನಡುಗುತ್ತಿದ್ದವು. ಅವು ನಡುಗಿದಂತೆಲ್ಲ ಸ್ಪಷ್ಟತೆ ಒಂದು ಮುಖದಿಂದ ಇನ್ನೊಂದಕ್ಕೆ ಜಿಗಿದು ಹೋಗುತ್ತಿತ್ತು. ಒಮ್ಮೆ ಸಿಕ್ಕರೆ ಸಾಕು, ಎಲ್ಲರೂ ಒಟ್ಟಿಗೆ, ಒಂದೇ ಒಂದು ಸಲ ಎಂದು ಅವಳು ಹಲ್ಲು ಕಚ್ಚಿದಳು. ಹಾರ್ನ್ ಮತ್ತೆ ಮತ್ತೆ ಕೇಳಿಸಿತು. ಬಟ್ಟೆಯ ಹೊರಗಿನಿಂದ ಸೂಪರ್‌ವೈಸರನ ದನಿ ಬಂತು. “ಡ್ರೈವರು ಹೊರಟೇ ಹೋಗ್ತಾನಂತೆ ಕಣ್ರಮ್ಮಾ, ಆಮೇಲೆ ನನ್ನ ಕೇಳ್ಬೇಡಿ!”

ಯಾರೋ ಒಬ್ಬಳು, “ಆಯ್ತೇನೇ?” ಎಂದಳು. ಇನ್ಯಾರೋ, “ಆಗಿರುತ್ತೆ ಬಿಡೇ, ಅಷ್ಟು ಸಲ ಹೊಡೆದ್ಲಲ್ಲ,” ಎಂದಳು. ಚಪ್ಪಲಿಗಳು ಗೇಟಿನ ಕಡೆಗೆ ಸರಿದ ಸದ್ದಾಯಿತು. ಪರದೆಯ ಅಂಚಿನಿಂದ ಸೀರೆಗಳ ಬಣ್ಣಗಳು ಒಂದೊಂದಾಗಿ ಜಾರಿದವು.

“ನಿಂತ್ಕೊಳ್ರೀ, ಅಕ್ಕಾ, ನಿಂತ್ಕೊಳ್ಳಿ,” ಎಂದಳು ಅವಳು. ಈಗ ದನಿ ಬಟ್ಟೆಯೊಳಗೇ ಉಳಿಯಿತು. ಕಣ್ಣಿಗೆ ಬೆವರು ಇಳಿಯಿತು. ಒರೆಸಿಕೊಳ್ಳಲು ಕೈ ಇರಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಉಸಿರು ಬಿಗಿಹಿಡಿದಳು.

ಆಗ ಲೆನ್ಸ್ ನೆಟ್ಟಗೆ ನಿಂತಿತು.

ಈ ತುದಿಯಿಂದ ಆ ತುದಿಯವರೆಗೆ ಎಲ್ಲವೂ ಒಟ್ಟಿಗೆ ಮೂಡಿತು. ಖಾಲಿಯಾದ ಮೆಟ್ಟಿಲುಗಳ ಸವೆದ ಅಂಚುಗಳು, ಸಿಮೆಂಟಿನ ಬಿರುಕುಗಳು, ಯಾರದೋ ಮುಡಿಯಿಂದ ಬಿದ್ದ ಒಂದು ಪಿನ್ನು, ಗೋಡೌನಿನ ಬಾಗಿಲ ತುಕ್ಕು. ಮೇಲಿನ ಮೆಟ್ಟಿಲ ನಟ್ಟನಡುವೆ ಕತ್ತರಿ ಅಜ್ಜಿ ಒಬ್ಬಳೇ, ಎರಡೂ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟುಕೊಂಡು, ರೆಪ್ಪೆಯನ್ನೂ ಅಲ್ಲಾಡಿಸದೆ ನಿಂತಿದ್ದಳು.